‘ಅರ್ಥ ಆಯ್ತಾ?’ ಎಂದು ಕೇಳಬೇಡಿ: ಇಂಗ್ಲಿಷ್ ಮನೆಮಾತಲ್ಲದ ವಿದೇಶಿ ಗ್ರಾಹಕರ ಜೊತೆ ವ್ಯವಹರಿಸುವ ಕ್ರಮ

ಪೀಣ್ಯದ ಒಂದು ಮಷಿನ್ ಶಾಪ್ ಎಂದುಕೊಳ್ಳಿ. ಅಲ್ಲಿಂದ ಓಸಾಕಾದ ಗ್ರಾಹಕನಿಗೆ ಕರೆ ಹೋಗುತ್ತದೆ. ಇಪ್ಪತ್ತು ನಿಮಿಷ ಮಾತಾಗುತ್ತದೆ, ಎಲ್ಲರೂ ‘ಓಕೆ, ಓಕೆ’ ಎಂದು ಮುಗಿಸುತ್ತಾರೆ. ಮೂರು ವಾರ ಕಳೆದ ಮೇಲೆ ತಿಳಿಯುತ್ತದೆ: ನಾವು ಹೇಳಿದ ತಾರೀಕು ಮಾಲು ಇಲ್ಲಿಂದ ಹೊರಡುವ ದಿನ, ಅವರು ಬರೆದುಕೊಂಡದ್ದು ಅಲ್ಲಿಗೆ ತಲುಪುವ ದಿನ. ಆಗ ನಮ್ಮ ಕಡೆಯವರು ಹೇಳುವ ಮಾತು, ‘ಅವ್ರಿಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಸಾರ್’.

ಇಂಗ್ಲಿಷ್ ನಮಗೂ ಕಲಿತ ಭಾಷೆಯೇ. ಆದರೆ ಜಪಾನ್, ಜರ್ಮನಿ, ಬ್ರೆಜಿಲ್‌ನವರ ಎದುರು ಕೂತಾಗ ಹೆಚ್ಚು ಸಲೀಸಾಗಿ, ಹೆಚ್ಚು ವೇಗವಾಗಿ ಮಾತಾಡುವವರು ಸಾಮಾನ್ಯವಾಗಿ ನಾವೇ. ಯಾರಿಗೆ ಭಾಷೆ ಸಲೀಸೋ ಹೆಚ್ಚಿನ ಕೆಲಸವೂ ಅವರದೇ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಉದಾಹರಣೆಗಳು ಬಿಡಿಭಾಗ ತಯಾರಿಕೆಯವು. ಸಾಫ್ಟ್‌ವೇರ್, ಕಾಫಿ, ಗ್ರಾನೈಟ್ ರಫ್ತಿನವರಿಗೂ ಬಹುಪಾಲು ಹೊಂದುತ್ತವೆ.

ಹಂತ 1: ಗ್ರಾಹಕರಿಗೊಂದು ಭಾಷಾ ಪಟ್ಟಿ

ಪ್ರತಿ ಗ್ರಾಹಕ ಕಂಪನಿಗೆ ಒಂದು ಹಾಳೆ ಮಾಡಿ. ವ್ಯಕ್ತಿಯ ಹೆಸರು, ಅವರನ್ನು ಕರೆಯುವ ರೀತಿ, ಓದು ಸುಲಭವೋ ಮಾತು ಸುಲಭವೋ, ಕೊನೆಯ ಮಾತು ಯಾರದು, ಇಷ್ಟು ಸಾಕು. ಮೂರನೆಯದು ಅತಿ ಮುಖ್ಯ. ಜಪಾನಿನ ಎಷ್ಟೋ ಎಂಜಿನಿಯರುಗಳು ಇಂಗ್ಲಿಷ್ ಡ್ರಾಯಿಂಗ್, ಮೇಲ್ ಚೆನ್ನಾಗಿ ಓದುತ್ತಾರೆ, ಫೋನಿನಲ್ಲಿ ತಡವರಿಸುತ್ತಾರೆ. ಅಂಥವರಿಗೆ ದಿಢೀರ್ ಕರೆ ಮಾಡಿದರೆ ನಿಮಗೆ ಸಿಗುವುದು ‘ಹೈ, ಹೈ’ (ಹೌದು, ಹೌದು) ಅಷ್ಟೇ. ಜರ್ಮನರಲ್ಲಿ ಹಲವು ಕಡೆ ಉಲ್ಟಾ: ಮಾತು ಸರಾಗ, ಆದರೆ ಗುಣಮಟ್ಟದ ದಾಖಲೆ ಜರ್ಮನ್‌ನಲ್ಲೇ ಬರುತ್ತದೆ.

ದೇಶ ನೋಡಿ ಊಹಿಸಬೇಡಿ, ಕೇಳಿ. ರಕುಟೆನ್‌ನಂಥ ಜಪಾನಿ ಕಂಪನಿ 2010ರಲ್ಲಿ ಘೋಷಿಸಿ 2012ರಿಂದ ಕಚೇರಿ ಭಾಷೆಯನ್ನೇ ಇಂಗ್ಲಿಷ್ ಮಾಡಿಕೊಂಡಿತು. ಕೇಳುವ ರೀತಿಯೂ ಮುಖ್ಯ. ‘ನಿಮಗೆ ಇಂಗ್ಲಿಷ್ ಕಷ್ಟವಾ?’ ಎಂದರೆ ಯಾರೂ ಹೌದು ಎನ್ನುವುದಿಲ್ಲ. ‘ತಾಂತ್ರಿಕ ಪ್ರಶ್ನೆಗಳನ್ನು ಮೇಲ್‌ನಲ್ಲಿ ಕಳಿಸಲೋ, ಕರೆಯಲ್ಲಿ ಕೇಳಲೋ?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಹಂತ 2: ನಮ್ಮ ಇಂಗ್ಲಿಷನ್ನು ಮೊದಲು ಜಾಲಿಸಿ

ನಮ್ಮ ಕಚೇರಿಗಳಲ್ಲಿ ದಿನಾ ಹೊರಡುವ ಒಂದು ಮೇಲ್: ‘ವಿತ್ ರೆಫರೆನ್ಸ್ ಟು ದ ಟ್ರೇಲಿಂಗ್ ಮೇಲ್, ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ರಿವರ್ಟ್ ಅಟ್ ದ ಅರ್ಲಿಯೆಸ್ಟ್.’ ನಮಗೆ ಇದು ಮರ್ಯಾದೆಯ ಭಾಷೆ. ಶಾಲೆಯಲ್ಲಿ ಅಮೆರಿಕನ್ ಇಂಗ್ಲಿಷ್ ಕಲಿತ ಜಪಾನಿ ಓದುಗನಿಗೆ ಇದರಲ್ಲಿ ಹಿಡಿಯಲು ಒಂದು ಗಟ್ಟಿ ಕೊಂಡಿಯೂ ಇಲ್ಲ. ಏನು ಮಾಡಬೇಕು? ಯಾರು? ಯಾವತ್ತಿಗೆ? ‘ರಿವರ್ಟ್’ ಎಂದರೆ ನಿಘಂಟಿನಲ್ಲಿ ಮೊದಲಿನ ಸ್ಥಿತಿಗೆ ಮರಳುವುದು. ಸಾಫ್ಟ್‌ವೇರ್ ತಂಡಕ್ಕೆ ‘ಪ್ಲೀಸ್ ರಿವರ್ಟ್’ ಎಂದು ಬರೆದರೆ ಹಿಂದಿನ ದಿನ ಹಾಕಿದ ಕೋಡನ್ನು ವಾಪಸ್ ತೆಗೆದರೂ ಆಶ್ಚರ್ಯವಿಲ್ಲ.

ಅದೇ ಮೇಲ್ ಹೀಗಿರಲಿ:

1. ಡ್ರಾಯಿಂಗ್ 4417, ರಿವಿಷನ್ ಸಿ, ನೋಟ್ 3: ಕೋಟಿಂಗ್ ದಪ್ಪ ಎಷ್ಟು ಮೈಕ್ರಾನ್?
2. ಉತ್ತರ ಬೇಕಾದ ದಿನ: ಗುರುವಾರ, 2 ಏಪ್ರಿಲ್ 2026, ಸಂಜೆ 5 ಗಂಟೆ, ಜಪಾನ್ ಸಮಯ.
3. ಉತ್ತರ ಬರುವವರೆಗೆ ಕೋಟಿಂಗ್ ಕೆಲಸ ಶುರು ಮಾಡುವುದಿಲ್ಲ.

ಒಂದು ಸಾಲಿಗೆ ಒಂದೇ ವಿಷಯ, ಅದಕ್ಕೊಂದು ಸಂಖ್ಯೆ. ಎದುರಿನವರು ‘2. ಓಕೆ’ ಎಂದು ಬರೆದರೂ ಸಾಕು, ಆ ಸಾಲಿನ ಉತ್ತರ ಪೂರ್ತಿಯಾಯಿತು.

ವಿಮಾನ ನಿರ್ವಹಣೆಯ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ಯುರೋಪಿನಲ್ಲಿ ರೂಪಿಸಿದ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಎಂಬ ಪದ್ಧತಿಯಿದೆ. ಸುಮಾರು 900 ಸಾಮಾನ್ಯ ಪದಗಳು, ಜೊತೆಗೆ ಆಯಾ ಕಸುಬಿನ ಪದಗಳು. ಒಂದು ಪದಕ್ಕೆ ಒಂದೇ ಅರ್ಥ. ಸೂಚನೆಯ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಇಡೀ ಪದ್ಧತಿ ಕಲಿಯಬೇಕಿಲ್ಲ. 20 ಪದದ ಮಿತಿ ಮತ್ತು ‘ಒಂದು ಪದ, ಒಂದು ಅರ್ಥ’ ಇವೆರಡನ್ನು ಎತ್ತಿಕೊಳ್ಳಿ. ಮೊದಲ ಮೇಲ್‌ನಲ್ಲಿ ‘ಕಾಂಪೊನೆಂಟ್’, ಎರಡನೆಯದರಲ್ಲಿ ‘ಪಾರ್ಟ್’, ಮೂರನೆಯದರಲ್ಲಿ ‘ಜಾಬ್’ ಎಂದು ಬರೆದರೆ ಓದುವವರು ಮೂರು ಬೇರೆ ವಸ್ತು ಎಂದುಕೊಳ್ಳುತ್ತಾರೆ. ಶಾಲೆಯಲ್ಲಿ ಕಲಿಸಿದ ‘ಪದ ಮರುಕಳಿಸಬಾರದು’ ಎಂಬ ನಿಯಮವನ್ನು ಇಲ್ಲಿ ಮರೆತುಬಿಡಿ.

ಸರಳ ಪದ ಎಂದರೆ ಚಿಕ್ಕ ಪದ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಬ್ರೆಜಿಲ್, ಸ್ಪೇನ್, ಇಟಲಿಯವರಿಗೆ ‘ಪುಟ್ ಆಫ್’ ಗಿಂತ ‘ಪೋಸ್ಟ್‌ಪೋನ್’ ಸುಲಭ, ಅವರ ಭಾಷೆಗಳಲ್ಲಿ ಅದೇ ಲ್ಯಾಟಿನ್ ಬೇರಿನ ಪದವಿದೆ. ‘ಪುಟ್’, ‘ಗೆಟ್’, ‘ಟೇಕ್’ಗಳಿಗೆ ಬಾಲ ಅಂಟಿಸಿದ ಜೋಡಿಪದಗಳೇ ಅವರಿಗೆ ತೊಡಕು. ಕೈಬಿಡಬೇಕಾದ ನಮ್ಮವು ಇನ್ನಷ್ಟಿವೆ: ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ಮತ್ತು ‘ಐ ಹ್ಯಾವ್ ಎ ಡೌಟ್’. ನಮ್ಮ ‘ಡೌಟ್’ ಬರೀ ಪ್ರಶ್ನೆ. ಹೊರಗಿನವರ ಕಿವಿಗೆ ಅದು ‘ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ’ ಎಂದು ಕೇಳಿಸುತ್ತದೆ. ಕ್ರಿಕೆಟ್ ಮಾತುಗಳೂ ಬೇಡ. ‘ಬೌನ್ಸರ್ ಹೋಯ್ತು’ ಎಂದರೆ ಓಸಾಕಾದಲ್ಲಿ ನಗುವವರಿಲ್ಲ. ಅಲ್ಲಿಯದು ಬೇಸ್‌ಬಾಲ್ ಊರು.

ಹಂತ 3: ಅಂಕಿ, ತಾರೀಕು, ವೇಳೆ

ವ್ಯಾಕರಣ ತಪ್ಪಿದರೆ ನಗೆಪಾಟಲು, ಅಂಕಿ ತಪ್ಪಿದರೆ ನಷ್ಟ. ಹೀಗಾಗಿ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ದಶಮಾಂಶ. ಜರ್ಮನಿ, ಬ್ರೆಜಿಲ್, ಇಟಲಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಅವರ ಆರ್ಡರಿನಲ್ಲಿ 1.500 ಎಂದಿದ್ದರೆ ಸಾವಿರದ ಐನೂರು. ಡ್ರಾಯಿಂಗಿನಲ್ಲಿ 12,5 ಎಂದಿದ್ದರೆ ಹನ್ನೆರಡೂವರೆ ಮಿಲಿಮೀಟರ್. ನಮ್ಮ 12,50,000 ಅವರ ಕಣ್ಣಿಗೆ ಅಚ್ಚಿನ ತಪ್ಪು. ನೀವು ಬರೆಯುವಾಗ ಸಾವಿರಗಳ ನಡುವೆ ಬರೀ ಜಾಗ ಬಿಡಿ: 1 250 000. ಇದನ್ನು ಯಾರೂ ತಪ್ಪಾಗಿ ಓದಲಾರರು.

ದೊಡ್ಡ ಸಂಖ್ಯೆ. ನಾವು ಲಕ್ಷ, ಕೋಟಿಯಲ್ಲಿ ಎಣಿಸುವಂತೆ ಜಪಾನಿಯರು ಹತ್ತು ಸಾವಿರದ ‘ಮಾನ್’, ಹತ್ತು ಕೋಟಿಯ ‘ಓಕು’ ಲೆಕ್ಕದಲ್ಲಿ ಎಣಿಸುತ್ತಾರೆ. ಮಿಲಿಯನ್ ಎಂದೊಡನೆ ಎರಡೂ ಕಡೆ ಮನಸ್ಸಿನಲ್ಲಿ ಪರಿವರ್ತನೆ ನಡೆಯುತ್ತದೆ, ಅಲ್ಲೇ ಒಂದು ಸೊನ್ನೆ ಜಾರುತ್ತದೆ. ಜರ್ಮನ್‌ನ ‘ಬಿಲಿಯೋನ್’ ಇನ್ನೂ ಅಪಾಯದ್ದು: ಅದು ಇಂಗ್ಲಿಷಿನ ಬಿಲಿಯನ್ ಅಲ್ಲ, ಅದರ ಸಾವಿರ ಪಟ್ಟು. ದೊಡ್ಡ ಸಂಖ್ಯೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಪರದೆಯ ಮೇಲೆ ಬರೆದು ತೋರಿಸಿ. 15 ಮತ್ತು 50, 13 ಮತ್ತು 30 ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ‘ಫಿಫ್ಟೀನ್, ಒನ್ ಫೈವ್’ ಎಂದು ಬಿಡಿಸಿ ಹೇಳಿ.

ತಾರೀಕು. 03/04/2026 ಅಮೆರಿಕದಲ್ಲಿ ಮಾರ್ಚ್ 4, ನಮ್ಮಲ್ಲಿ ಏಪ್ರಿಲ್ 3. ಜಪಾನಿನಲ್ಲಿ ವರ್ಷ ಮೊದಲು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಇಲ್ಲವೇ 2026-04-03 ಎಂದು ಬರೆಯಿರಿ. ವಾರದ ಹೆಸರನ್ನೂ ಸೇರಿಸಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಹಾಗೆ ಬರೆದಾಗಲೇ ಹೊಳೆಯುವುದು, ಆ ಶುಕ್ರವಾರ ಗುಡ್ ಫ್ರೈಡೇ, ಜರ್ಮನಿಯಲ್ಲಿ ರಜೆ ಎಂದು.

ಜರ್ಮನರ ಮೇಲ್‌ನಲ್ಲಿ ‘ಕೆಡಬ್ಲ್ಯು 14’ ಎಂದು ಬಂದರೆ ಅದು ವರ್ಷದ ಹದಿನಾಲ್ಕನೇ ವಾರ. ವರ್ಷದ ಮೊದಲ ಗುರುವಾರ ಬೀಳುವ ವಾರವೇ ಒಂದನೇ ವಾರ, ವಾರ ಶುರುವಾಗುವುದು ಸೋಮವಾರ. 2026ರಲ್ಲಿ 14ನೇ ವಾರವೆಂದರೆ ಮಾರ್ಚ್ 30ರಿಂದ ಏಪ್ರಿಲ್ 5. ಪ್ಲಾನಿಂಗ್‌ನವರ ಗೋಡೆಯ ಮೇಲೆ ವಾರಸಂಖ್ಯೆಯ ಕ್ಯಾಲೆಂಡರ್ ತೂಗುಹಾಕಿ, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಇನ್ನೆರಡು ಜರ್ಮನ್ ಬಲೆಗಳಿವೆ. ಅವರ ‘ಬಿಸ್’ ಎಂಬ ಒಂದೇ ಪದಕ್ಕೆ ‘ಶುಕ್ರವಾರದೊಳಗೆ’, ‘ಶುಕ್ರವಾರದವರೆಗೆ’ ಎಂಬ ಎರಡೂ ಅರ್ಥ. ಆದ್ದರಿಂದ ‘ವಿ ನೀಡ್ ದ ಪಾರ್ಟ್ಸ್ ಅಂಟಿಲ್ ಫ್ರೈಡೇ’ ಎಂದು ಬರೆದರೆ ಶುಕ್ರವಾರದೊಳಗೆ ಬೇಕು ಎಂದರ್ಥ, ಶುಕ್ರವಾರದ ನಂತರ ಬೇಡ ಎಂದಲ್ಲ. ‘ಎವೆಂಟುವೆಲ್’ ಎಂದರೆ ‘ಬಹುಶಃ’. ‘ವಿ ವಿಲ್ ಎವೆಂಚುಯಲಿ ಚೇಂಜ್ ದ ಮೆಟೀರಿಯಲ್’ ಎಂದು ಬಂದರೆ ಹೊಸ ಸ್ಟೀಲ್ ತರಿಸುವ ಮುನ್ನ ‘ನಿರ್ಧಾರ ಆಗಿದೆಯೋ, ಇನ್ನೂ ಯೋಚನೆಯಲ್ಲಿದೆಯೋ?’ ಎಂದು ಕೇಳಿ.

ಗಂಟೆ ಹೇಳುವಾಗ ಎರಡೂ ಊರಿನ ಸಮಯ ಬರೆಯಿರಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ವರ್ಷವಿಡೀ ಹಾಗೆಯೇ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಆ ಸೋಮವಾರದ ಮೀಟಿಂಗಿಗೆ ಯಾರಾದರೊಬ್ಬರು ಒಂದು ಗಂಟೆ ಕಾದೇ ಕಾಯುತ್ತಾರೆ.

ಹಂತ 4: ಹೌದು ಎಂದರೆ ಏನು, ಇಲ್ಲ ಎಂದರೆ ಏನು

‘ಪಾರ್ಟ್ ಇನ್ನೂ ಹೊರಟಿಲ್ವಾ?’ ಎಂದು ಕೇಳಿದರೆ ‘ಹೂಂ, ಹೊರಟಿಲ್ಲ’ ಎನ್ನುವುದು ಕನ್ನಡದವರಿಗೆ ಸಹಜ. ಕೇಳಿದವರ ಊಹೆ ಸರಿ ಎಂದು ಹೂಂಗುಡುತ್ತೇವೆ. ಜಪಾನಿಯರೂ ಹಾಗೆಯೇ ‘ಹೈ’ ಎನ್ನುತ್ತಾರೆ. ಇಂಗ್ಲಿಷ್, ಜರ್ಮನ್‌ನಲ್ಲಿ ಉತ್ತರ ‘ನೋ’. ಈಗ ಸ್ಟುಟ್‌ಗಾರ್ಟ್‌ನ ಖರೀದಿದಾರ ‘ಪಾರ್ಟ್ಸ್ ಆರ್ ನಾಟ್ ಡಿಸ್‌ಪ್ಯಾಚ್ಡ್?’ ಎಂದು ಕೇಳುತ್ತಾನೆ, ನಮ್ಮ ಹುಡುಗ ‘ಯೆಸ್’ ಎನ್ನುತ್ತಾನೆ. ಅಲ್ಲಿ ಕೇಳಿಸಿದ್ದು: ಹೊರಟಿದೆ. ಇಬ್ಬರೂ ಸುಳ್ಳು ಹೇಳಿಲ್ಲ.

ಪರಿಹಾರ ಎರಡು. ನಕಾರದ ಪ್ರಶ್ನೆ ಕೇಳಲೇಬೇಡಿ. ಯಾರಾದರೂ ಕೇಳಿದರೆ ಯೆಸ್, ನೋ ಬಿಟ್ಟು ಪೂರ್ತಿ ವಾಕ್ಯದಲ್ಲಿ ಉತ್ತರಿಸಿ: ‘ಪಾರ್ಟ್‌ಗಳು ನಮ್ಮಲ್ಲೇ ಇವೆ. ಮಂಗಳವಾರ ಹೊರಡುತ್ತವೆ.’

ಜಪಾನಿಯರ ‘ಹೈ’ ಬಹಳ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ. ‘ಪರಿಶೀಲಿಸುತ್ತೇವೆ’, ‘ಸ್ವಲ್ಪ ಕಷ್ಟ’ ಎಂದರೆ ಹೆಚ್ಚಿನ ಸಲ ಆಗುವುದಿಲ್ಲ ಎಂದೇ. ಇದು ನಮಗೆ ಹೊಸದಲ್ಲ. ನಮ್ಮ ‘ನೋಡೋಣ ಸಾರ್’ ಏನು ಹೇಳುತ್ತದೆ ಎಂದು ನಮಗೆ ಚೆನ್ನಾಗಿ ಗೊತ್ತು. ಆದರೆ ಅದೇ ‘ನೋಡೋಣ’ವನ್ನು ‘ವಿ ವಿಲ್ ಟ್ರೈ’ ಮಾಡಿ ಜರ್ಮನರಿಗೆ ಕೊಟ್ಟರೆ ಪ್ರಯತ್ನ ನಡೆಯುತ್ತಿದೆ ಎಂದು ನಂಬಿ ಎರಡು ವಾರ ಕಾಯುತ್ತಾರೆ. ಆಗದಿದ್ದರೆ ಆಗುವುದಿಲ್ಲ ಎನ್ನಿ, ಜೊತೆಗೆ ಏನು ಆಗುತ್ತದೆ ಎಂಬುದನ್ನು ಹೇಳಿ. ಇನ್ನು ನಮ್ಮ ತಲೆಯಾಟ. ವೀಡಿಯೊ ಕರೆಯಲ್ಲಿ ಅದು ಹೌದೂ ಅಲ್ಲ ಇಲ್ಲವೂ ಅಲ್ಲ. ಬಾಯಿ ಬಿಟ್ಟು ಹೇಳಿ.

ಹಂತ 5: ಮೀಟಿಂಗ್

ಅಜೆಂಡಾ, ಸ್ಲೈಡು, ಅಂಕಿಪಟ್ಟಿ ಎರಡು ಕೆಲಸದ ದಿನ ಮೊದಲೇ ತಲುಪಲಿ; ನಿಘಂಟು ನೋಡಲು, ತಮ್ಮೊಳಗೆ ಮಾತಾಡಿಕೊಳ್ಳಲು ಅಷ್ಟು ಬೇಕು. ಸಲೀಸಾದ ಮಾತು ನಿಮಿಷಕ್ಕೆ ಸುಮಾರು 150 ಪದ ಓಡುತ್ತದೆ. ಅದನ್ನು 110ಕ್ಕೆ ಇಳಿಸಿ. 110 ಪದದ ಒಂದು ಇಂಗ್ಲಿಷ್ ಪ್ಯಾರಾ ತೆಗೆದುಕೊಂಡು ಮೊಬೈಲ್ ಟೈಮರ್ ಇಟ್ಟು ಒಂದು ನಿಮಿಷಕ್ಕೆ ಸರಿಯಾಗಿ ಮುಗಿಯುವಂತೆ ನಾಲ್ಕೈದು ಸಲ ಓದಿದರೆ ವೇಗ ಬಾಯಿಗೆ ಹತ್ತುತ್ತದೆ. ಪದಗಳನ್ನು ಎಳೆದು ಹೇಳಬೇಡಿ, ಮಕ್ಕಳಿಗೆ ಹೇಳಿದಂತಾಗುತ್ತದೆ. ವಾಕ್ಯಗಳ ನಡುವೆ ನಿಲ್ಲಿ. ದನಿ ಏರಿಸುವುದರಿಂದಂತೂ ಯಾರಿಗೂ ಭಾಷೆ ಬಂದದ್ದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಏಳರವರೆಗೆ ಎಣಿಸಿ. ಎದುರಿನವರು ಪ್ರಶ್ನೆಯನ್ನು ತಮ್ಮ ಭಾಷೆಗೆ ತಂದು, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷ್ ಮಾಡಬೇಕು. ಆ ಮೌನಕ್ಕೆ ಹೆದರಿ ನಾವು ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳುತ್ತೇವೆ, ಅವರ ಅನುವಾದ ಮೊದಲಿನಿಂದ ಶುರು. ಪುನಃ ಕೇಳಲೇಬೇಕಾದರೆ ಅವೇ ಪದಗಳಲ್ಲಿ ಕೇಳಿ.

ಗಂಟೆಯ ಮೀಟಿಂಗಿನಲ್ಲಿ ಎರಡು ಸಲ, ಮೂರು ಮೂರು ನಿಮಿಷ, ಅವರವರ ಭಾಷೆಯಲ್ಲಿ ಮಾತಾಡಿಕೊಳ್ಳಲು ಬಿಡುವು ಇಡಿ. ನೀವೂ ಆಗ ಕನ್ನಡದಲ್ಲಿ ಮಾತಾಡಿ. ಹೇಳದೆ ಕೇಳದೆ ನಡುವೆ ಕನ್ನಡಕ್ಕೆ ಇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಎನಿಸುತ್ತದೆ. ‘ಎರಡು ನಿಮಿಷ ಕನ್ನಡದಲ್ಲಿ ಚರ್ಚಿಸುತ್ತೇವೆ’ ಎಂದರೆ ಯಾರಿಗೂ ಬೇಸರವಿಲ್ಲ.

ನಡಾವಳಿಯನ್ನು ಎಲ್ಲರೂ ನೋಡುವ ಪರದೆಯ ಮೇಲೆ ಅಲ್ಲಿಯೇ ಟೈಪ್ ಮಾಡಿ. ಮೀಟಿಂಗ್ ಆ್ಯಪ್‌ನ ತಾನೇ ಬರೆದುಕೊಳ್ಳುವ ಅಡಿಬರಹ ನೆರವಾಗುತ್ತದೆ, ಆದರೆ ಪಾರ್ಟ್ ನಂಬರ್, ಹೆಸರುಗಳನ್ನು ಮನಬಂದಂತೆ ಬರೆಯುತ್ತದೆ. ಅದನ್ನು ದಾಖಲೆ ಎಂದು ಇಟ್ಟುಕೊಳ್ಳಬೇಡಿ.

ದುಭಾಷಿ ಇದ್ದರೆ ಸಮಯ ದುಪ್ಪಟ್ಟು ಇಡಿ. ಎರಡು ಮೂರು ವಾಕ್ಯಕ್ಕೆ ನಿಲ್ಲಿ, ಮುಖ ಗ್ರಾಹಕರ ಕಡೆಗಿರಲಿ, ತಾಂತ್ರಿಕ ಪದಪಟ್ಟಿಯನ್ನು ದುಭಾಷಿಗೆ ಕೆಲವು ದಿನ ಮೊದಲೇ ಕೊಡಿ. ಮಾತಿನ ಜೊತೆಜೊತೆಗೇ ಅನುವಾದ ಬೇಕಾದರೆ ಇಬ್ಬರು ಬೇಕು. 20–30 ನಿಮಿಷಕ್ಕೊಮ್ಮೆ ಅವರು ಸರದಿ ಬದಲಿಸುತ್ತಾರೆ.

ಹಂತ 6: ತಿರುಗಿ ಹೇಳಿಸುವುದು

1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿತ್ತು. 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಹಪೈಲಟ್ ಇಂಗ್ಲಿಷಿನಲ್ಲಿ ಹೇಳಿದ್ದ. ‘ಎಮರ್ಜೆನ್ಸಿ’ ಎಂಬ ಪದ ಬಳಸಲಿಲ್ಲ; ಕಂಟ್ರೋಲರ್‌ಗೆ ಅದರ ತುರ್ತು ತಾಗಲಿಲ್ಲ. ಕೇಳಿಸಿದ್ದು ಮತ್ತು ಅರ್ಥವಾದದ್ದು ಬೇರೆ ಬೇರೆ ಎಂಬುದನ್ನು ವಿಮಾನಯಾನ ಇಂಥ ಬೆಲೆ ತೆತ್ತು ಕಲಿತಿದೆ. ಅಲ್ಲಿ ಮುಖ್ಯ ಸೂಚನೆಯನ್ನು ಪೈಲಟ್ ತಿರುಗಿ ಹೇಳಬೇಕು, ಹೇಳಿದ್ದು ಸರಿಯೇ ಎಂದು ಕಂಟ್ರೋಲರ್ ಗಮನಿಸಬೇಕು.

ವ್ಯಾಪಾರಕ್ಕೆ ಇದನ್ನು ಹೀಗೆ ತನ್ನಿ. ‘ಅರ್ಥ ಆಯ್ತಾ?’ ಎಂದರೆ ಯಾವ ದೇಶದವರೂ ‘ಹೌದು’ ಎನ್ನುತ್ತಾರೆ. ಅದು ಮಾನದ ಪ್ರಶ್ನೆ. ಬದಲಿಗೆ ‘ನಾನು ಸರಿಯಾಗಿ ಹೇಳಿದೆನೋ ಗೊತ್ತಿಲ್ಲ, ನೀವು ಬರೆದುಕೊಂಡ ತಾರೀಕು ಒಮ್ಮೆ ಹೇಳುತ್ತೀರಾ?’ ಎನ್ನಿ. ತಪ್ಪಿನ ಹೊರೆ ನಿಮ್ಮ ಹೆಗಲಿಗೆ ಬಂತು, ಅವರ ಮಾನ ಉಳಿಯಿತು. ಎಲ್ಲವನ್ನೂ ಹೇಳಿಸುತ್ತ ಕೂರಬೇಡಿ, ಪರೀಕ್ಷೆಯಾಗಿಬಿಡುತ್ತದೆ. ಪ್ರಮಾಣ, ತಾರೀಕು, ಬೆಲೆ, ರಿವಿಷನ್ ನಂಬರ್, ಈ ನಾಲ್ಕು ಸಾಕು. ಅದೇ ದಿನ ನಡಾವಳಿ ಹೋಗಲಿ.

ಹಂತ 7: ಡ್ರಾಯಿಂಗ್, ಷರತ್ತು, ಯಂತ್ರಾನುವಾದ

ಡ್ರಾಯಿಂಗಿಗೂ ಭಾಷೆಯಿದೆ. ವಸ್ತುವಿನ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಪದ್ಧತಿ ಎರಡು: ಭಾರತ, ಜರ್ಮನಿಯಲ್ಲಿ ಫಸ್ಟ್ ಆ್ಯಂಗಲ್ ರೂಢಿ. ಜಪಾನ್, ಅಮೆರಿಕದಲ್ಲಿ ಥರ್ಡ್ ಆ್ಯಂಗಲ್. ಬಲಭಾಗದ ನೋಟ ಎಡಕ್ಕೆ ಬರುತ್ತದೋ ಬಲಕ್ಕೋ ಎನ್ನುವುದೇ ಬದಲಾಗುತ್ತದೆ. ತಪ್ಪಿದರೆ ರಂಧ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬದಿಗೆ ಬೀಳುತ್ತದೆ. ಟೈಟಲ್ ಬ್ಲಾಕಿನಲ್ಲಿರುವ ಮೊಂಡು ಶಂಕುವಿನ ಗುರುತನ್ನು ಮೊದಲು ನೋಡಿ, ಆಮೇಲೆ ಅಳತೆ.

ಹೊರಡುವ ದಿನ, ತಲುಪುವ ದಿನದ ಜಗಳಕ್ಕೆ ಮದ್ದು ಇನ್‌ಕೋಟರ್ಮ್ಸ್, ಅಂದರೆ ಮಾರುವವರ ಮತ್ತು ಕೊಳ್ಳುವವರ ಹೊಣೆ ಹೇಳುವ ಸಿದ್ಧ ಪದಗಳು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ಈ ಪದಗಳು 2020ರ ಆವೃತ್ತಿಯಲ್ಲಿ 11 ಇವೆ. ‘ಎಫ್‌ಒಬಿ ಚೆನ್ನೈ, ಇನ್‌ಕೋಟರ್ಮ್ಸ್ 2020’ (ಚೆನ್ನೈಯಲ್ಲಿ ಹಡಗಿಗೆ ಏರಿಸುವವರೆಗೆ ಹೊಣೆ ಮಾರುವವರದು) ಎಂದು ಬಂದರಿನ ಹೆಸರು, ವರ್ಷ ಸಮೇತ ಬರೆಯಿರಿ. ಖರ್ಚು ಮತ್ತು ಅಪಾಯ ಎಲ್ಲಿ ಕೈ ಬದಲಾಗುತ್ತದೆ ಎಂಬುದು ಅದರಿಂದ ಖಚಿತವಾಗುತ್ತದೆ. ತಾರೀಕನ್ನು ಮಾತ್ರ ‘ಹೊರಡುವುದು’, ‘ತಲುಪುವುದು’ ಎಂದು ಎರಡು ಸಾಲಿನಲ್ಲಿ ಬೇರೆಯಾಗಿ ಕೊಡಿ. ಒಪ್ಪಂದ ಎರಡು ಭಾಷೆಯಲ್ಲಿದ್ದರೆ ಯಾವ ಪ್ರತಿಯ ಮಾತು ಅಂತಿಮ ಎಂಬ ಸಾಲು ಇರಲೇಬೇಕು.

ಯಂತ್ರಾನುವಾದ ಬಳಸುವುದಾದರೆ ಒಂದು ಎಚ್ಚರ. ‘ಕಳಿಸ್ತೀನಿ, ಕಳಿಸ್ತೀರಿ, ಕಳಿಸ್ತಾರೆ’ ಎಂದಾಗ ಕರ್ತೃ ಬಿಟ್ಟರೂ ಯಾರು ಎಂದು ಕನ್ನಡದಲ್ಲಿ ತಿಳಿಯುತ್ತದೆ. ಜಪಾನಿ ಕ್ರಿಯಾಪದದಲ್ಲಿ ಆ ಗುರುತಿಲ್ಲ, ಕರ್ತೃವನ್ನೂ ಹೇಳದೆ ಬಿಡುವುದು ವಾಡಿಕೆ. ಯಂತ್ರ ‘ಐ’ ಎಂದೋ ‘ವಿ’ ಎಂದೋ ಊಹಿಸಿ ತುಂಬುತ್ತದೆ. ಗೇಜ್ (ಅಳತೆಯ ಉಪಕರಣ) ಕಳಿಸಬೇಕಾದವರು ಅವರೋ ನಾವೋ ಎಂಬುದು ಅಲ್ಲೇ ಅದಲುಬದಲು. ಕೆಲಸ ಯಾರದು ಎಂಬುದನ್ನು ಕಂಪನಿಯ ಹೆಸರು ಹಾಕಿ ಖಚಿತಪಡಿಸಿಕೊಳ್ಳಿ. ಗ್ರಾಹಕರ ಡ್ರಾಯಿಂಗನ್ನು ಬಿಟ್ಟಿ ಅನುವಾದ ತಾಣಕ್ಕೆ ಹಾಕಬೇಡಿ.

ಹಂತ 8: ಅವರು ಇಲ್ಲಿಗೆ ಬಂದಾಗ

ಹೆಸರಿನಿಂದ ಶುರು ಮಾಡಿ. ಜಪಾನಿಯರಿಗೆ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಪಡೆದು, ಓದಿ, ಮೇಜಿನ ಮೇಲಿಡಿ. ನಮ್ಮ ಹೆಸರೂ ಅವರಿಗೆ ಒಗಟೇ. ‘ಎಚ್. ಎಸ್. ಮಂಜುನಾಥ’ದಲ್ಲಿ ಊರು, ತಂದೆ, ತಾನು ಮೂವರೂ ಇದ್ದಾರೆ, ಮನೆತನದ ಹೆಸರು ಮಾತ್ರ ಇಲ್ಲ. ಮೇಲ್‌ನ ಸಹಿಯಲ್ಲಿ ‘ಮಂಜುನಾಥ ಎಂದು ಕರೆಯಿರಿ’ ಎಂಬ ಸಾಲು ಸೇರಿಸಿ.

ಶಾಪ್ ಫ್ಲೋರಿನಲ್ಲಿ ಸದ್ದು ಹೆಚ್ಚು. ಅಲ್ಲಿ ವಿವರಿಸಬೇಡಿ, ತೋರಿಸಿ, ವಿವರಣೆ ಕೋಣೆಯಲ್ಲಿ. ತುರ್ತು ದಾರಿಯನ್ನು ಒಳಗೆ ಬಂದಕೂಡಲೇ ನಡೆಸಿಕೊಂಡು ಹೋಗಿ ತೋರಿಸಿ. ಊಟದ ಮೇಜಿನಲ್ಲಿ ಅವರು ‘ಸಾಕು’ ಎಂದರೆ ಸಾಕು. ನಮ್ಮ ಬಲವಂತದ ಬಡಿಸುವಿಕೆ ಅವರಿಗೆ ಅನುವಾದವಾಗುವುದಿಲ್ಲ.

ಹಂತ 9: ನಮ್ಮವರಲ್ಲೇ ಮಾತಾಡದವರು

ಕರೆಯಲ್ಲಿ ಗ್ರಾಹಕ ‘ಐವತ್ತನೇ ಪೀಸಿನ ನಂತರ ಮೇಲ್ಮೈ ಯಾಕೆ ಒರಟಾಗುತ್ತಿದೆ?’ ಎಂದು ಕೇಳುತ್ತಾನೆ. ಉತ್ತರ ಗೊತ್ತಿರುವವನು ಮೂಲೆಯಲ್ಲಿ ಕೂತ ಆಪರೇಟರ್: ಚಿಪ್ಸ್ (ಕೊರೆದಾಗ ಏಳುವ ಲೋಹದ ಸಿಪ್ಪೆ) ಸುತ್ತಿಕೊಂಡು, ತಂಪು ದ್ರವ ಚಿಮ್ಮಿಸುವ ಕೂಲೆಂಟ್ ನಾಜಲ್ಲನ್ನು ಸರಿಸುತ್ತಿದೆ. ಅವನು ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಮಾಡಿದವನು, ಬಾಯಿ ಬಿಡುವುದಿಲ್ಲ. ಇಂಗ್ಲಿಷ್ ಬರುವ ಮ್ಯಾನೇಜರ್ ‘ವಿ ವಿಲ್ ಚೆಕ್’ ಎನ್ನುತ್ತಾನೆ. ಒಂದು ವಾರ ಹೋಯಿತು.

ಓಸಾಕಾದವರಿಗೆ ಕೊಟ್ಟ ಅನುಕೂಲವನ್ನೆಲ್ಲ ಇವನಿಗೂ ಕೊಡಿ. ಪ್ರಶ್ನೆ ಹಿಂದಿನ ದಿನವೇ ಕನ್ನಡದಲ್ಲಿ ಅವನ ಕೈಗೆ ಸಿಗಲಿ. ಅಜೆಂಡಾದಲ್ಲಿ ‘ಮಷಿನ್ ಬಳಿಯಿಂದ, ಕನ್ನಡದಲ್ಲಿ, 5 ನಿಮಿಷ’ ಎಂದು ಅಚ್ಚಾಗಲಿ. ಕ್ಯಾಮೆರಾ ನಾಜಲ್ಲಿನ ಕಡೆ ತಿರುಗಲಿ, ಅವನು ಕೈಯಿಟ್ಟು ತೋರಿಸುತ್ತ ಹೇಳಲಿ. ಮ್ಯಾನೇಜರ್ ಎರಡೆರಡು ವಾಕ್ಯಕ್ಕೆ ಇಂಗ್ಲಿಷ್ ಮಾಡಲಿ, ತನ್ನದೇನನ್ನೂ ಸೇರಿಸದೆ. ನಡಾವಳಿಯಲ್ಲಿ ಆ ಅಂಶದ ಎದುರು ಮ್ಯಾನೇಜರನದ್ದಲ್ಲ, ಆಪರೇಟರನ ಹೆಸರು ಬರೆಯಿರಿ. ಮುಂದಿನ ಸಲ ಗ್ರಾಹಕ ಯಾರನ್ನು ಕೇಳಬೇಕು ಎಂಬುದು ಆಗ ಇಬ್ಬರಿಗೂ ಗೊತ್ತಿರುತ್ತದೆ.